ವ್ಯಾಂಪೈರ್‌ಗೆ ಇಲ್ಲೇನು ಕೆಲಸ? ಮನೆಯಲ್ಲಿ ಬರೆದ ಒಂದು ಆಟ, ಅದಕ್ಕೆ ಬಂದ ಫೀಡ್‌ಬ್ಯಾಕ್

1970ರ ದಶಕದ ಕೊನೆಯ ಮಾತು. ಅಮೆರಿಕದ ಟ್ರೇಸಿ ಹಿಕ್‌ಮನ್ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದರು. ಆಗಿನ ಆಟ ಜಾಸ್ತಿ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ನೆಲಮಾಳಿಗೆಯ ಒಂದು ಕೋಣೆ, ಒಳಗೊಂದು ಭಯಂಕರ ಪ್ರಾಣಿ, ಅದನ್ನು ಹೊಡೆದು ನಿಧಿ ಎತ್ತಿಕೊಂಡು ಮುಂದಿನ ಕೋಣೆಗೆ. ಹೀಗೆ ಹೋಗುವಾಗ ಒಂದು ಕಡೆ ವ್ಯಾಂಪೈರ್, ಅಂದರೆ ರಕ್ತ ಹೀರುವ ಪಿಶಾಚಿ, ಎದುರಾಯಿತು. ಅದಕ್ಕೂ ಆ ಜಾಗಕ್ಕೂ ಏನೂ ಸಂಬಂಧ ಕಾಣಲಿಲ್ಲ. ಇದಕ್ಕೆ ಇಲ್ಲೇನು ಕೆಲಸ ಅನ್ನೋ ಪ್ರಶ್ನೆ ಹಿಕ್‌ಮನ್ ತಲೆಯಲ್ಲಿ ಉಳಿದುಬಿಟ್ಟಿತು. ಅವರು ಮತ್ತು ಹೆಂಡತಿ ಲಾರಾ ಸೇರಿ ಆ ಪ್ರಶ್ನೆಗೆ ಉತ್ತರವಾಗಿ ತಾವೇ ಒಂದು ಸಾಹಸ ಬರೆದರು. ಮನೆಯಲ್ಲಿ ಹುಟ್ಟಿದ ಆ ಆಟವನ್ನು 1983ರಲ್ಲಿ, ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ‘ರೇವನ್‌ಲಾಫ್ಟ್’ ಅನ್ನೋ ಹೆಸರಲ್ಲಿ ಅಚ್ಚು ಹಾಕಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದಿದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್. ಊರು, ಕೋಟೆ, ಖಳನಾಯಕ ಎಲ್ಲವೂ ಅವರ ಕೈಯಲ್ಲಿ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇವೆ ಅಂತ ಅವರು ಬಾಯಲ್ಲಿ ಹೇಳುತ್ತಾರೆ, ಫಲಿತಾಂಶ ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಡಂಜನ್ ಮಾಸ್ಟರ್ ಮೊದಲೇ ಬರೆದುಕೊಂಡು ಬರುವ ಕಥೆಯ ಹಂದರವೇ ಸಾಹಸ. ಕಥೆ ಬರೆದವರೂ ಅದನ್ನು ಆಡಿದವರೂ ಒಂದೇ ಕೋಣೆಯಲ್ಲಿ ಕೂತಿರುವುದರಿಂದ ಇಲ್ಲಿ ಫೀಡ್‌ಬ್ಯಾಕ್ ಅನ್ನೋದು ಬೇರೆ ಬರವಣಿಗೆಗಿಂತ ಸೂಕ್ಷ್ಮ ವಿಷಯ. ಗೆಳೆಯ ರಾತ್ರಿಯೆಲ್ಲ ಕೂತು ಬರೆದಿದ್ದಾನೆ, ಹೇಗೆ ಹೇಳೋದು? ಮೂರು ಗಂಟೆ ಆಡಿಸಿ ಗಂಟಲು ಒಣಗಿದೆ, ಹೇಗೆ ಕೇಳಿಸಿಕೊಳ್ಳೋದು? ಈ ಎರಡಕ್ಕೂ ರೇವನ್‌ಲಾಫ್ಟ್ ಪ್ರಕರಣದಲ್ಲಿ ಒಳ್ಳೆಯ ಪಾಠಗಳಿವೆ.

ಮೊದಲ ಪ್ರಶ್ನೆಯನ್ನೇ ನೋಡಿ. ಹಿಕ್‌ಮನ್ ಆ ದಿನ ಆಡಿದ ಆಟಕ್ಕೆ ಅಂಕ ಕೊಡಲಿಲ್ಲ. ವ್ಯಾಂಪೈರ್ ತೆಗೆದು ಬೇರೆ ಏನಾದರೂ ಹಾಕಬೇಕಿತ್ತು ಅಂತಲೂ ಯೋಚಿಸಲಿಲ್ಲ. ಆಟಗಾರನಾಗಿ ಒಂದು ಜಾಗದಲ್ಲಿ ಅವರ ನಂಬಿಕೆ ತಪ್ಪಿತು, ಎಲ್ಲಿ ತಪ್ಪಿತು ಅನ್ನೋದನ್ನು ಸರಿಯಾಗಿ ಹಿಡಿದುಕೊಂಡರು. ನನ್ನ ಪ್ರಕಾರ ಆಟಗಾರ ಬರೆದವರಿಗೆ ಕೊಡಬಹುದಾದ ಅತ್ಯಂತ ಬೆಲೆಬಾಳುವ ವಸ್ತು ಇದೇ. ಇಲ್ಲಿಯವರೆಗೆ ನಂಬಿದ್ದೆ, ಈ ಜಾಗದಲ್ಲಿ ನಂಬಿಕೆ ಹೋಯಿತು ಅನ್ನೋ ಮಾಹಿತಿ. ಅದಕ್ಕೆ ಮದ್ದು ಏನು ಅನ್ನೋದನ್ನು ಬರೆದವರು ಕಂಡುಕೊಳ್ಳಬಹುದು. ಅದು ಎಲ್ಲಿ ಹೋಯಿತು ಅನ್ನೋದು ಮಾತ್ರ ಅವರಿಗೆ ತಾವಾಗಿ ತಿಳಿಯುವುದಿಲ್ಲ. ಯಾಕಂದ್ರೆ ವ್ಯಾಂಪೈರ್ ಅಲ್ಲಿ ಯಾಕಿದೆ ಅಂತ ಅವರ ತಲೆಯಲ್ಲಿ ಯಾವಾಗಲೂ ಒಂದು ಉತ್ತರ ಇದ್ದೇ ಇರುತ್ತದೆ.

ಹಿಕ್‌ಮನ್ ದಂಪತಿ ಈ ಪ್ರಶ್ನೆಯನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡರು. ಸಿನಿಮಾದಲ್ಲಿ ಕಂಡು ಕಂಡು ಹಳಸಿದ ವ್ಯಾಂಪೈರ್‌ನಿಂದ ಯಾರಿಗೂ ಭಯ ಹುಟ್ಟುವುದಿಲ್ಲ ಅನ್ನಿಸಿ, ಆ ಪಾತ್ರದ ಬೇರು ಹುಡುಕಿಕೊಂಡು 19ನೇ ಶತಮಾನದ ಕಥೆಗಳವರೆಗೆ ಹೋದರು. ಇಂಗ್ಲಿಷ್ ಕವಿ ಲಾರ್ಡ್ ಬೈರನ್‌ನ ವೈದ್ಯನಾಗಿದ್ದ ಜಾನ್ ಪಾಲಿಡೋರಿಯ ಕಥೆ 1819ರಲ್ಲಿ ಬಂದಿತ್ತು. ಅಲ್ಲಿನ ವ್ಯಾಂಪೈರ್ ಒಬ್ಬ ದೊಡ್ಡ ಮನೆತನದವನು. ನೋಡೋಕೆ ಸಭ್ಯ, ಹತ್ತಿರ ಬಂದವರನ್ನು ಹಾಳು ಮಾಡುವವನು. ಪ್ರೀತಿಯ ಹೆಸರಲ್ಲಿ ಹೆಂಗಸರನ್ನು ಹಿಂಸಿಸುವ ಗಂಡಸಿನ ರೂಪಕವಾಗಿ ಹಿಕ್‌ಮನ್ ಆ ಪಾತ್ರವನ್ನು ಓದಿದರು. ಅಲ್ಲಿಂದ ಹುಟ್ಟಿದವನು ಕೌಂಟ್ ಸ್ಟ್ರಾಡ್ ವಾನ್ ಝರೋವಿಚ್. ತಮ್ಮ ಸೆರ್ಗೈ ಮದುವೆಯಾಗಲಿದ್ದ ತತ್ಯಾನಾಳ ಮೇಲೆ ಕಣ್ಣು ಹಾಕಿದವನು, ಅದಕ್ಕಾಗಿ ಸಾವಿನ ಜೊತೆಯೇ ಒಪ್ಪಂದ ಮಾಡಿಕೊಂಡವನು, ಮದುವೆಯ ದಿನವೇ ತಮ್ಮನನ್ನು ಕೊಂದವನು. ಅವನಿಂದ ತಪ್ಪಿಸಿಕೊಳ್ಳೋಕೆ ತತ್ಯಾನಾ ಕೋಟೆಯ ಗೋಡೆಯಿಂದ ಹಾರಿದಳು. ಈಗ ಬರೋವಿಯಾ ಅನ್ನೋ ಕಣಿವೆಯಲ್ಲಿ ಅವಳನ್ನೇ ಹೋಲುವ ಇರೀನಾ ಅನ್ನೋ ಹುಡುಗಿ ಇದ್ದಾಳೆ. ವ್ಯಾಂಪೈರ್ ಇಲ್ಲೇನು ಮಾಡುತ್ತಿದೆ ಅನ್ನೋದಕ್ಕೆ ಈಗ ಪೂರ್ತಿ ಉತ್ತರವಿದೆ.

ವರ್ಷಕ್ಕೊಮ್ಮೆ ಪರೀಕ್ಷೆ

ಬರೆದ ಮೇಲೆ ಇವರು ನೇರವಾಗಿ ಅಚ್ಚಿಗೆ ಕೊಡಲಿಲ್ಲ. ಅಕ್ಟೋಬರ್ ಕೊನೆಗೆ ಬರುವ, ದೆವ್ವ ಭೂತದ ವೇಷ ಹಾಕುವ ಹ್ಯಾಲೋವೀನ್ ಹಬ್ಬಕ್ಕೆ ಪ್ರತಿ ವರ್ಷ ಗೆಳೆಯರನ್ನು ಕೂರಿಸಿ ಆಡಿಸಿದರು. ಸುಮಾರು ಐದು ವರ್ಷ ಇದೇ ನಡೆಯಿತು. ಈಗಿನ ಭಾಷೆಯಲ್ಲಿ ಇದನ್ನು ಪ್ಲೇಟೆಸ್ಟ್ ಅಂತೀವಿ.

ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ವರ್ಷ ಇರುವುದು ಸಣ್ಣ ವಿಷಯ ಅಲ್ಲ. ಆಟ ಮುಗಿದ ತಕ್ಷಣ ಕೇಳಿದರೆ ಎಲ್ಲರೂ ಕೊನೆಯ ಹೊಡೆದಾಟದ ಬಗ್ಗೆಯೇ ಮಾತಾಡುತ್ತಾರೆ. ಅದು ಬಿಸಿ ಬಿಸಿ ಇರುತ್ತದೆ. ಒಂದು ವರ್ಷ ಬಿಟ್ಟು ಕೇಳಿದರೆ ಬೇರೆಯದೇ ಪಟ್ಟಿ ಬರುತ್ತದೆ. ಯಾವ ಕೋಣೆ ನೆನಪಿದೆ, ಯಾವ ಪಾತ್ರದ ಹೆಸರು ಬಾಯಿಗೆ ಬರುತ್ತದೆ, ಯಾವುದು ಪೂರ್ತಿ ಅಳಿಸಿಹೋಗಿದೆ. ಈ ಮರೆವು ಕೂಡ ಫೀಡ್‌ಬ್ಯಾಕ್. ಎರಡು ಪುಟ ಬರೆದ ಜಾಗ ಯಾರಿಗೂ ನೆನಪಿಲ್ಲ ಅಂದರೆ ಆ ಎರಡು ಪುಟದ ಬಗ್ಗೆ ಯೋಚಿಸಲೇಬೇಕು, ಅಲ್ವಾ?

ಹೆಸರಿನ ವಿಷಯ ನನಗೆ ಈ ಪ್ರಕರಣದಲ್ಲೇ ಅತ್ಯಂತ ಇಷ್ಟವಾದ ಭಾಗ. ಹಿಕ್‌ಮನ್ ದಂಪತಿ ಸಾಹಸಕ್ಕೆ ಇಟ್ಟ ಹೆಸರು ‘ವ್ಯಾಂಪಿರ್’. ರೇವನ್‌ಲಾಫ್ಟ್ ಅನ್ನೋದು ಕಥೆಯೊಳಗಿನ ಕೋಟೆಯ ಹೆಸರು ಅಷ್ಟೇ. ಆದರೆ ಹ್ಯಾಲೋವೀನ್ ಹತ್ತಿರ ಬಂದಾಗ ಗೆಳೆಯರು ಕೇಳುತ್ತಿದ್ದುದು ಆ ರೇವನ್‌ಲಾಫ್ಟ್ ಆಟ ಮತ್ತೆ ಆಡೋಣ ಅಂತ. ಅವರು ಹೆಸರು ಬದಲಿಸಿ ಅಂತ ಸಲಹೆ ಕೊಡುತ್ತಿರಲಿಲ್ಲ. ಆಡುವ ಆಸೆಯಿಂದ ಬಾಯಿಗೆ ಬಂದ ಹೆಸರನ್ನು ಹೇಳುತ್ತಿದ್ದರು. ಬರೆದವರು ಅದನ್ನು ಕೇಳಿಸಿಕೊಂಡರು, ಹೆಸರು ಬದಲಾಯಿತು.

ಹಿಕ್‌ಮನ್ ಒಂದು ವೇಳೆ ಗೆಳೆಯರನ್ನು ಕೂರಿಸಿಕೊಂಡು ‘ವ್ಯಾಂಪಿರ್ ಅನ್ನೋ ಹೆಸರು ಹೇಗಿದೆ’ ಅಂತ ಕೇಳಿದ್ದರೆ ಏನಾಗುತ್ತಿತ್ತು? ಚೆನ್ನಾಗಿದೆ ಅಂತಿದ್ದರು. ನಾವೆಲ್ಲ ಹಾಗೇ ಹೇಳೋದು. ಗೆಳೆಯ ಇಟ್ಟ ಹೆಸರು, ಸುಮ್ನೆ ಯಾಕೆ ಬೇಜಾರು ಮಾಡೋದು. ನೇರ ಪ್ರಶ್ನೆಗೆ ಬರುವ ಉತ್ತರದಲ್ಲಿ ಮರ್ಯಾದೆ ಬೆರೆತಿರುತ್ತದೆ. ಕೇಳದೆ ಬಂದ ಮಾತಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಆಟ ಆಡಿಸುವವರು ಆಟದ ನಡುವೆ ಜನ ತಮ್ಮತಮ್ಮಲ್ಲೇ ಏನು ಮಾತಾಡಿಕೊಳ್ಳುತ್ತಾರೆ ಅನ್ನೋದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳೋದು ಒಳ್ಳೆಯದು. ಯಾವ ಪಾತ್ರವನ್ನು ಹೆಸರಿಂದ ಕರೆದರು, ಯಾವುದನ್ನು ‘ಆ ಮುದುಕ’ ಅಂತ ಬಿಟ್ಟರು. ಯಾವಾಗ ಎಲ್ಲರೂ ಮೇಜಿನ ಕಡೆಗೆ ಬಗ್ಗಿದರು, ಯಾವಾಗ ಒಬ್ಬೊಬ್ಬರೇ ಫೋನ್ ತೆಗೆದರು.

ಇಸ್ಪೀಟ್ ಎಲೆಗಳು

ರೇವನ್‌ಲಾಫ್ಟ್‌ನ ಒಂದು ಉಪಾಯವನ್ನು ಹತ್ತಿರದಿಂದ ನೋಡಬೇಕು. ಬರೋವಿಯಾ ಊರಿನಾಚೆ ಒಂದು ಬಿಡಾರವಿದೆ. ಅಲ್ಲಿ ಮೇಡಮ್ ಈವಾ ಅನ್ನೋ ಮುದುಕಿ ಭವಿಷ್ಯ ಹೇಳುತ್ತಾಳೆ. ಆಟಗಾರರ ಪಾತ್ರಗಳು ಅವಳ ಮುಂದೆ ಕೂತಾಗ ಡಂಜನ್ ಮಾಸ್ಟರ್ ನಿಜವಾದ ಇಸ್ಪೀಟ್ ಕಟ್ಟು ತೆಗೆದು ನಿಜವಾದ ಮೇಜಿನ ಮೇಲೆ ಎಲೆ ಹಾಕುತ್ತಾರೆ. ಬಿದ್ದ ಎಲೆ ಬರೀ ಅಲಂಕಾರಕ್ಕಲ್ಲ. ಸ್ಟ್ರಾಡ್‌ನನ್ನು ಸೋಲಿಸೋಕೆ ಬೇಕಾದ ಸೂರ್ಯಖಡ್ಗ ಎಲ್ಲಿದೆ, ಪವಿತ್ರ ಚಿಹ್ನೆ ಎಲ್ಲಿದೆ, ಸ್ಟ್ರಾಡ್ ಬರೆದ ಪುಸ್ತಕ ಎಲ್ಲಿದೆ, ಕೊನೆಗೆ ಅವನು ಎಲ್ಲಿ ಸಿಗುತ್ತಾನೆ, ಈ ಸಲ ಅವನಿಗೆ ಏನು ಬೇಕು, ಇಷ್ಟನ್ನೂ ಎಲೆಗಳೇ ತೀರ್ಮಾನಿಸುತ್ತವೆ. ಮುಂದಿನ ಸಲ ಆಡಿದರೆ ಎಲೆ ಬೇರೆ, ಆಟ ಬೇರೆ.

ಮೇಜಿನ ಮೇಲೆ ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಎಲೆ ತಿರುಗಿಸುವ ಆ ಒಂದು ಕ್ಷಣ ಡಂಜನ್ ಮಾಸ್ಟರ್‌ಗೂ ಉತ್ತರ ಗೊತ್ತಿರುವುದಿಲ್ಲ. ಕಥೆಗಾರ ಮತ್ತು ಕೇಳುಗರು ಒಟ್ಟಿಗೇ ಎಲೆ ನೋಡುತ್ತಾರೆ. ಆಮೇಲೆ ಈವಾ ಹೇಳಿದ ಸುಳಿವನ್ನು ಯಾರೋ ಒಬ್ಬರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ಉಳಿದ ಆಟದುದ್ದಕ್ಕೂ ಆ ಚೀಟಿ ಕೈಯಿಂದ ಕೈಗೆ ಓಡಾಡುತ್ತದೆ.

ವರ್ಷ ವರ್ಷ ಅದೇ ಗೆಳೆಯರ ಜೊತೆ ಅದೇ ಕೋಟೆಯನ್ನು ಆಡಿದ ಜನರ ಸಾಹಸದಲ್ಲಿ ಇಂಥದ್ದೊಂದು ಉಪಾಯ ಇರುವುದು ನನಗಂತೂ ಆಶ್ಚರ್ಯ ಅನ್ನಿಸುವುದಿಲ್ಲ. ಖಡ್ಗ ಎಲ್ಲಿದೆ ಅಂತ ಗೊತ್ತಿರುವವರನ್ನು ಮತ್ತೆ ಹುಡುಕಿಸೋದು ಹೇಗೆ? ಎಲೆಗಳು ಆ ತೊಂದರೆಗೆ ನೇರವಾಗಿ ಕೂರುತ್ತವೆ. ಗಮನಿಸಿ, ಆಟಗಾರರು ಹೇಳಬಹುದಾದ ಮಾತು ‘ಇದು ನಮಗೆ ಗೊತ್ತು’ ಅನ್ನೋದಷ್ಟೇ. ಅಲ್ಲಿಂದ ಇಸ್ಪೀಟ್ ಕಟ್ಟಿನವರೆಗೆ ಹೋಗುವುದು ಬರೆದವರ ಕೆಲಸ. ಆಟಗಾರರೇ ಪರಿಹಾರ ಕೊಟ್ಟಿದ್ದರೆ ‘ಖಡ್ಗವನ್ನು ಈ ಸಲ ಬಾವಿಯಲ್ಲಿಡಿ’ ಅಂತಿದ್ದರೇನೋ. ಅದು ಒಂದು ವರ್ಷಕ್ಕೆ ಸಾಕಾಗುತ್ತಿತ್ತು.

ಫೀಡ್‌ಬ್ಯಾಕ್ ತೆಗೆದುಕೊಳ್ಳೋಕೆ ಇನ್ನೊಂದು ಮುಖ್ಯವಾದ ಸಿದ್ಧತೆಯನ್ನೂ ಇವರು ಮಾಡಿದ್ದರು. ಟಿಎಸ್‌ಆರ್ ಸೇರುವ ಮುಂಚೆಯೇ ಡೇಸ್ಟಾರ್ ವೆಸ್ಟ್ ಅನ್ನೋ ಹೆಸರಲ್ಲಿ ‘ರಹಾಸಿಯಾ’, ‘ಫೆರೋ’ ಅನ್ನೋ ಎರಡು ಸಾಹಸಗಳನ್ನು ತಾವೇ ಅಚ್ಚು ಹಾಕಿಸಿದ್ದರು. ಒಳ್ಳೆಯ ಸಾಹಸ ಅಂದರೆ ಏನು ಅಂತ ಅಲ್ಲಿ ನಾಲ್ಕು ಮಾತು ಬರೆದುಕೊಂಡಿದ್ದರು. ಬರೀ ದೋಚುವುದು ಕೊಲ್ಲುವುದಕ್ಕಿಂತ ದೊಡ್ಡ ಗುರಿ ಆಟಗಾರರಿಗೆ ಇರಬೇಕು. ಕಥೆ ಆಟದೊಳಗೇ ಹೆಣೆದುಕೊಂಡಿರಬೇಕು. ಕಟ್ಟಡಗಳು ಯಾರೋ ಬದುಕಿದ ಕಟ್ಟಡಗಳ ಹಾಗೆ ಅರ್ಥವಾಗುವಂತಿರಬೇಕು. ಒಂದೆರಡು ಸಲ ಕೂತು ಆಡಿದರೆ ಮುಟ್ಟಬಹುದಾದ, ಗೌರವದ ಕೊನೆ ಇರಬೇಕು.

ಇದನ್ನು ಯಾಕೆ ಇಲ್ಲಿ ಹೇಳುತ್ತಿದ್ದೇನೆ ಅಂದರೆ, ತನಗೇನು ಬೇಕು ಅಂತ ಗೊತ್ತಿಲ್ಲದ ಬರಹಗಾರ ಯಾರು ಏನೇ ಹೇಳಿದರೂ ಅತ್ತಿತ್ತ ವಾಲುತ್ತಾನೆ. ಒಬ್ಬರು ಹೊಡೆದಾಟ ಜಾಸ್ತಿ ಬೇಕು ಅಂತಾರೆ, ಇನ್ನೊಬ್ಬರು ಕಡಿಮೆ ಮಾಡಿ ಅಂತಾರೆ. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಹಿಕ್‌ಮನ್ ದಂಪತಿ ಹತ್ತಿರ ಅಳತೆಗೋಲು ಇತ್ತು. ಬಂದ ಮಾತು ಆ ನಾಲ್ಕರಲ್ಲಿ ಯಾವುದಕ್ಕೆ ತಾಗುತ್ತದೆ ಅಂತ ನೋಡಬಹುದಿತ್ತು. ತಮ್ಮ ಸಾಹಸವನ್ನು ಗೆಳೆಯರಿಗೆ ಆಡಿಸುವವರು ಇಂಥ ಎರಡು ಮೂರು ಸಾಲನ್ನು ಮೊದಲೇ ಬರೆದಿಟ್ಟುಕೊಂಡರೆ ಆಮೇಲಿನ ಜಗಳ ಅರ್ಧ ಕಡಿಮೆಯಾಗುತ್ತದೆ.

ಬರೆದವರು ಇಲ್ಲದ ಮೇಜು

ದುಡ್ಡಿನ ತೊಂದರೆಯೇ ಹಿಕ್‌ಮನ್‌ರನ್ನು ಟಿಎಸ್‌ಆರ್ ಬಾಗಿಲಿಗೆ ತಂದಿದ್ದು. ಮಕ್ಕಳಿಗೆ ಶೂ ಕೊಡಿಸೋಕೆ ದುಡ್ಡಾಗಲಿ ಅಂತ ತಮ್ಮ ಸಾಹಸಗಳನ್ನು ಮಾರಲು ಹೊರಟಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕಂಪನಿ ಕೆಲಸವನ್ನೇ ಕೊಟ್ಟಿತು. 1982ರಲ್ಲಿ ಸಂಸಾರ ಯೂಟಾ ಬಿಟ್ಟು ವಿಸ್ಕಾನ್ಸಿನ್‌ನ ಲೇಕ್ ಜಿನೀವಾಗೆ ಬಂತು. ಅದೇ ವರ್ಷ ‘ಫೆರೋ’ ಟಿಎಸ್‌ಆರ್ ಹೆಸರಲ್ಲಿ ಬಂತು, ಮರುವರ್ಷ ರೇವನ್‌ಲಾಫ್ಟ್.

ಇಲ್ಲಿ ಪರೀಕ್ಷೆಯೇ ಬದಲಾಗುತ್ತದೆ. ಮನೆಯ ಆಟದಲ್ಲಿ ಬರೆದವರೇ ಆಡಿಸುವುದರಿಂದ ಕಾಗದದಲ್ಲಿ ಬಿಟ್ಟುಹೋದದ್ದನ್ನು ಬಾಯಿ ತುಂಬಿಸುತ್ತದೆ. ಅಚ್ಚಾದ ಮೇಲೆ ಆ ಬಾಯಿ ಇಲ್ಲ. 32 ಪುಟದ ಪುಸ್ತಿಕೆಯೇ ಎಲ್ಲವನ್ನೂ ಹೇಳಬೇಕು. ಕೋಟೆಯ ಊಟದ ಕೋಣೆಯನ್ನು ತೆಗೆದುಕೊಳ್ಳಿ. ಮೇಜಿನ ತುಂಬಾ ಊಟ, ಕೋಣೆಯ ತುದಿಯಲ್ಲಿ ದೊಡ್ಡ ಆರ್ಗನ್ ವಾದ್ಯ, ಅದನ್ನು ನುಡಿಸುತ್ತಾ ಕೂತ ಆಕೃತಿ. ಆತ ತಿರುಗಿ ಬಂದವರನ್ನು ಊಟಕ್ಕೆ ಕರೆಯುತ್ತಾನೆ. ಅದು ಸ್ಟ್ರಾಡ್ ಅಲ್ಲ, ಬರೀ ಮಾಯೆ. ಆಟಗಾರರಲ್ಲಿ ಒಬ್ಬ ಕತ್ತಿ ಎಳೆಯುತ್ತಾನೆ, ಒಬ್ಬಳು ಮಾತಿಗೆ ನಿಲ್ಲುತ್ತಾಳೆ, ಒಬ್ಬ ಕೋಳಿಯ ಕಾಲು ಎತ್ತಿಕೊಳ್ಳುತ್ತಾನೆ. ಹಿಕ್‌ಮನ್ ಮನೆಯಲ್ಲಿ ಇದು ಯಾವುದೂ ತೊಂದರೆ ಅಲ್ಲ. ಈ ಪುಟವನ್ನು ಮೊದಲ ಸಲ ಓದುತ್ತಿರುವ ಅಪರಿಚಿತ ಡಂಜನ್ ಮಾಸ್ಟರ್‌ಗೆ ಮಾತ್ರ, ಯಾವುದನ್ನು ಜೋರಾಗಿ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ತಿಳಿಯಬೇಕು. ಅದಕ್ಕೇ ಆಟಗಾರರಿಗೆ ಓದಿ ಹೇಳುವ ಭಾಗವನ್ನು ಚೌಕದೊಳಗೆ ಬೇರೆಯಾಗಿ ಅಚ್ಚು ಹಾಕಿದ್ದಾರೆ.

ನಕ್ಷೆಯ ಕಥೆಯೂ ಹೀಗೇ. ಕೋಟೆ ಅಂದರೆ ಗೋಪುರಗಳು, ಸುತ್ತು ಮೆಟ್ಟಿಲುಗಳು, ನೆಲದ ಕೆಳಗಿನ ಸಮಾಧಿಗಳು. ಚಪ್ಪಟೆ ನಕ್ಷೆಯಲ್ಲಿ ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಅನ್ನೋದೇ ತಿಳಿಯುವುದಿಲ್ಲ. ಟಿಎಸ್‌ಆರ್‌ನ ಚಿತ್ರಕಾರ ಡೇವಿಡ್ ಸದರ್‌ಲ್ಯಾಂಡ್ ಓರೆಯಾಗಿ ಮೇಲಿಂದ ನೋಡಿದಂತೆ ಮೂರು ಆಯಾಮ ಕಾಣುವ ನಕ್ಷೆಗಳನ್ನು ಬಿಡಿಸಿಕೊಟ್ಟರು. ಇವತ್ತಿಗೂ ಅವು ನೋಡೋಕೆ ಖುಷಿ.

ಮನೆಯಲ್ಲಿ ಬರೆದ ಸಾಹಸಕ್ಕೆ ಈ ಎರಡನೇ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ನೀವು ಆಡಿಸಬೇಡಿ. ಕಾಗದವನ್ನು ಇನ್ನೊಬ್ಬರ ಕೈಗೆ ಕೊಡಿ, ಅವರು ಆಡಿಸಲಿ, ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. ಅವರು ಪುಟ ಹಿಂದೆ ಮುಂದೆ ತಿರುವುವ ಪ್ರತಿಯೊಂದು ಜಾಗವೂ ನಿಮ್ಮ ತಿದ್ದುಪಡಿಯ ಪಟ್ಟಿ. ನಡುವೆ ಬಾಯಿ ಹಾಕಿ ‘ಅದು ಹಾಗಲ್ಲ, ಹೀಗೆ’ ಅಂದರೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ರೇವನ್‌ಲಾಫ್ಟ್ ಆಡಿದವರು ಹೇಳಬಹುದಾದ ಎರಡು ದೂರನ್ನು ತೆಗೆದುಕೊಂಡು ನೋಡೋಣ, ಹೇಳುವ ರೀತಿ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ಮೊದಲನೆಯದು ಮಂಜು. ಬರೋವಿಯಾವನ್ನು ಸುತ್ತುವರಿದ ಮಂಜಿನಿಂದ ಆಚೆ ಹೋಗೋಕೆ ನೋಡಿದರೆ ಉಸಿರುಗಟ್ಟುತ್ತದೆ, ವಾಪಸ್ ಬರಲೇಬೇಕು. ‘ಮಂಜು ತೆಗೆಯಿರಿ’ ಅನ್ನೋದು ಒಂದು ಫೀಡ್‌ಬ್ಯಾಕ್. ಬರೆದವರು ಅದಕ್ಕೆ ಇಲ್ಲ ಅಂತಾರೆ, ಯಾಕಂದ್ರೆ ಮಂಜು ತೆಗೆದರೆ ಆಟಗಾರರು ಮೊದಲ ಅರ್ಧ ಗಂಟೆಯಲ್ಲೇ ಊರು ಬಿಡುತ್ತಾರೆ. ಇದನ್ನೇ ಇನ್ನೊಂದು ತರ ಹೇಳಬಹುದು. ‘ಹೊರಗೆ ಹೋಗೋಕೆ ಪ್ರಯತ್ನಪಟ್ಟೆವು. ಆಗಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ನಾವು ಏನು ಮಾಡಿದರೂ ಅಷ್ಟೇ ಅನ್ನಿಸಿ ಸುಮ್ಮನೆ ಕೂತೆವು.’ ಈಗ ಬರೆದವರಿಗೆ ಕೆಲಸ ಸಿಕ್ಕಿತು. ಮಂಜು ಇರಲಿ, ಆದರೆ ಅದನ್ನು ಮುಟ್ಟಿ ಬಂದ ಕೂಡಲೇ ಊರೊಳಗೆ ಮಾಡೋಕೆ ಏನಾದರೂ ಎದುರಿಗೆ ಬರಲಿ. ಊಟಕ್ಕೆ ಕೂತವರು ಸಾರಿಗೆ ಉಪ್ಪಾಯಿತು ಅಂತ ಹೇಳಿದರೆ ಸಾಕು, ಆಲೂಗಡ್ಡೆ ಹಾಕೋದೋ ನೀರು ಸೇರಿಸೋದೋ ಅಡುಗೆ ಮಾಡಿದವರು ನೋಡಿಕೊಳ್ಳುತ್ತಾರೆ.

ಎರಡನೆಯದು ಸಮಾಧಿಗಳು. ಕೋಟೆಯ ತಳದ ಸಮಾಧಿಗಳ ಮೇಲೆ ತಮಾಷೆ ಹೆಸರುಗಳಿವೆ. ಎಡವುತ್ತಾ ಬೀಳುವವನು ಅನ್ನೋ ಅರ್ಥ ಬರುವಂತೆ ಸರ್ ಕ್ಲಟ್ಸ್ ಟ್ರಿಪಲಾಟ್ಸ್ಕಿ ಅಂತ ಒಬ್ಬ, ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತವನು. ಗಂಟೆಗಟ್ಟಲೆ ಹೆದರಿ ಕೂತವರು ಇಲ್ಲಿ ಗೊಳ್ಳೆಂದು ನಗುತ್ತಾರೆ. ಅದು ತಪ್ಪೇ? ‘ಜೋಕು ಕಥೆಗೆ ಹೊಂದಲ್ಲ’ ಅಂದರೆ ಅದು ಬರೀ ಅಭಿರುಚಿಯ ಮಾತಾಗುತ್ತದೆ. ನಕ್ಕ ಮೇಲೆ ಹೆದರಿಕೆ ವಾಪಸ್ ಬಂತೇ, ಎಷ್ಟು ಹೊತ್ತಿಗೆ ಬಂತು ಅಂತ ಹೇಳಿದರೆ ಅದು ಉಪಯೋಗಕ್ಕೆ ಬರುತ್ತದೆ. ಸ್ಟ್ರಾಡ್‌ನ ಶವಪೆಟ್ಟಿಗೆಯೂ ಅದೇ ತಳದಲ್ಲಿದೆ, ಹಾಗಾಗಿ ಉತ್ತರ ಮುಖ್ಯ. ನನಗೆ ಕೇಳಿದರೆ ಒಂದೆರಡು ತಮಾಷೆಯ ಕಲ್ಲು ಇರಲಿ ಅಂತೀನಿ. ಅಷ್ಟೊಂದು ಬೇಡ.

ಮೇಜಿನ ಸುತ್ತ ಕೂರದವರ ಮಾತು

ಈ ಪ್ರಕರಣದ ಒಂದು ಫೀಡ್‌ಬ್ಯಾಕ್ ತುಂಬಾ ತಡವಾಗಿ ಬಂತು. ಮೇಡಮ್ ಈವಾಳ ಬಿಡಾರದವರನ್ನು 1983ರ ಪುಸ್ತಿಕೆ ಜಿಪ್ಸಿಗಳು ಅಂತಲೇ ಕರೆಯಿತು. ಆಮೇಲೆ ರೇವನ್‌ಲಾಫ್ಟ್ ಒಂದು ದೊಡ್ಡ ಲೋಕವಾಗಿ ಬೆಳೆದಾಗ ಅವರಿಗೆ ವಿಸ್ತಾನಿ ಅನ್ನೋ ಹೆಸರು ಬಂತು. 2016ರಲ್ಲಿ ಈಗಿನ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ‘ಕರ್ಸ್ ಆಫ್ ಸ್ಟ್ರಾಡ್’ ಅನ್ನೋ ದಪ್ಪ ಪುಸ್ತಕವಾಗಿ ಸಾಹಸವನ್ನು ಮತ್ತೆ ತಂದಾಗಲೂ ಅವರ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ಬಂಡಿಯಲ್ಲಿ ಅಲೆಯುವವರು, ಶಾಪ ಹಾಕುವವರು, ಕುಡಿಯುವವರು, ಎಷ್ಟೋ ಜನ ಖಳನಾಯಕನ ಕಡೆಯವರು. ಜಿಪ್ಸಿಗಳು ಅಂತ ಕರೆಸಿಕೊಂಡ ಯುರೋಪಿನ ರೋಮಾ ಜನರನ್ನು ಶತಮಾನಗಳಿಂದ ಹೀಯಾಳಿಸಿಕೊಂಡು ಬಂದ ಮಾತುಗಳೇ ಇವು. 2020ರ ಜೂನ್‌ನಲ್ಲಿ ಪ್ರಕಾಶಕರು ಇದನ್ನು ಒಪ್ಪಿಕೊಂಡು ಹೇಳಿಕೆ ಕೊಟ್ಟರು. ಪುಸ್ತಕದ ಸಾಲುಗಳನ್ನು ತಿದ್ದಿದರು, ಮುಂದಿನ ಪುಸ್ತಕಗಳಿಗೆ ರೋಮಾ ಸಲಹೆಗಾರರೊಬ್ಬರ ಜೊತೆ ಕೆಲಸ ಮಾಡುತ್ತೇವೆ ಅಂದರು.

ಐದು ಹ್ಯಾಲೋವೀನ್ ಆಡಿಸಿದರೂ ಮನೆಯ ಮೇಜು ಹಿಡಿಯದ ವಿಷಯ ಇದು. ಗೆಳೆಯರ ಗುಂಪು ಬೇಸರ ಎಲ್ಲಿ ಬಂತು ಅಂತ ಚೆನ್ನಾಗಿ ಹೇಳುತ್ತದೆ, ಒಗಟು ಕಷ್ಟವಾಯಿತು ಅಂತ ಹೇಳುತ್ತದೆ. ತಮ್ಮ ಬಗ್ಗೆ ಅಲ್ಲದ ಅವಮಾನ ಅದರ ಕಣ್ಣಿಗೆ ಬೀಳುವುದು ಕಷ್ಟ.

ನಮಗೆ ಇದು ದೂರದ ಮಾತು ಅಲ್ಲ. ರೋಮಾ ಜನರ ಪೂರ್ವಜರು ಭಾರತದಿಂದಲೇ ಹೋದವರು, ಅವರ ಭಾಷೆಯ ಬೇರು ಇಲ್ಲೇ ಇದೆ. ಕನ್ನಡದಲ್ಲಿ ಸಾಹಸ ಬರೆಯೋಕೆ ಕೂತರೆ ಕೈ ತಾನಾಗಿ ಕಾಡಂಚಿನಲ್ಲಿ ಒಂದು ಬಿಡಾರ ಹಾಕುತ್ತದೆ, ಅಲ್ಲೊಬ್ಬ ಕೊರವಂಜಿ ಕಣಿ ಹೇಳುತ್ತಾಳೆ, ಅವಳ ಕಡೆಯವರು ಜೇಬು ಕತ್ತರಿಸುತ್ತಾರೆ. ಬ್ರಿಟಿಷರು 1871ರಲ್ಲಿ ಕಾನೂನು ತಂದು ಎಷ್ಟೋ ಅಲೆಮಾರಿ ಜನರಿಗೆ ಹುಟ್ಟಿನಿಂದಲೇ ಅಪರಾಧಿಗಳು ಅನ್ನೋ ಹಣೆಪಟ್ಟಿ ಕಟ್ಟಿದ್ದರು. ಆ ಹಣೆಪಟ್ಟಿಯೇ ಒಂದು ರಾತ್ರಿಯ ಆಟದೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ. ಕಣಿ ಹೇಳುವ ಹೆಂಗಸು ಆಟದಲ್ಲಿ ಇರಬಾರದು ಅಂತಲ್ಲ. ಮೇಡಮ್ ಈವಾಳ ಎಲೆಗಳಿಲ್ಲದೆ ರೇವನ್‌ಲಾಫ್ಟ್ ಇಲ್ಲ. ಅವಳಿಗೂ ಒಂದು ಮನೆ, ಒಂದು ಕಷ್ಟ, ಸ್ಟ್ರಾಡ್ ಬಗ್ಗೆ ಅವಳದೇ ಒಂದು ಅಭಿಪ್ರಾಯ ಇರಲಿ. ಹಿಕ್‌ಮನ್ ವ್ಯಾಂಪೈರ್‌ಗೆ ಕೇಳಿದ ಪ್ರಶ್ನೆಯನ್ನು ಅವಳಿಗೂ ಕೇಳಿದರೆ ಆಯಿತು.

ಬೆಂಗಳೂರು, ಮೈಸೂರಿನಲ್ಲಿ ವಾರಾಂತ್ಯಕ್ಕೆ ಸೇರಿ ಆಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಆಟ ಮುಗಿದ ಕೂಡಲೇ ‘ಹೇಗಿತ್ತು’ ಅಂತ ಕೇಳಬೇಡಿ, ‘ಸೂಪರ್’ ಅಂತ ಒಂದು ಮಾತು ಬಂದು ಅಲ್ಲಿಗೇ ನಿಲ್ಲುತ್ತದೆ. ಖಳನಾಯಕನಿಗೆ ಏನು ಬೇಕಿತ್ತು ಅಂತ ನಿಮಗನ್ನಿಸಿತು ಅಂತ ಕೇಳಿ. ಏನೋ ಮಾಡಬೇಕು ಅನ್ನಿಸಿ ಮಾಡದೆ ಬಿಟ್ಟ ಕಡೆ ಯಾವುದು ಅಂತ ಕೇಳಿ. ಕೇಳಿದ ಮೇಲೆ ಉತ್ತರಕ್ಕೆ ಸಮರ್ಥನೆ ಕೊಡದೆ ಬರೆದುಕೊಳ್ಳಿ. ತಿಂಗಳು ಬಿಟ್ಟು ಅವರೇ ಆ ಆಟದ ಮಾತು ತೆಗೆದರೆ, ಅದನ್ನು ಯಾವ ಹೆಸರಿನಿಂದ ಕರೆದರು ಅಂತ ಗುರುತು ಮಾಡಿಕೊಳ್ಳಿ.